ಸಮನ್ಸ್ ಬಂದರೆ ಇಡೀ ಫೈಲ್ ಕೊಡಬೇಕು ಅಂತ ಯಾರು ಹೇಳಿದ್ದು?

ಇವತ್ತು ಫ್ಯಾಮಿಲಿ ಕೋರ್ಟಿನ ಪಡಸಾಲೆಯಲ್ಲಿ ಕಂಡದ್ದನ್ನು ಬರೆಯದೆ ನನಗೆ ಊಟ ಸೇರುವುದಿಲ್ಲ. ಜೀವನಾಂಶದ ಕೇಸು. ಗಂಡನ ಸೋದರಮಾವ ಬೆಂಚಿನ ಮೇಲೆ ಕೂತು, ಆ ಹೆಣ್ಣುಮಗಳ ಆಸ್ಪತ್ರೆ ಫೈಲಿನ ಜೆರಾಕ್ಸ್ ತಿರುವುತ್ತಾ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಪಕ್ಕದವರಿಗೆ ಓದಿ ಹೇಳುತ್ತಿದ್ದ. ಆಕೆ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಕೋರ್ಟಿನಿಂದ ಆಸ್ಪತ್ರೆಗೆ ಬಂದ ಸಮನ್ಸಿನಲ್ಲಿ ಕೇಳಿದ್ದು ಒಂದೇ ಒಂದು ಡಿಸ್ಚಾರ್ಜ್ ಸಮ್ಮರಿ. ಆಸ್ಪತ್ರೆ ಕೊಟ್ಟದ್ದು ಇಡೀ ಫೈಲ್, ಅದೂ ನೇರವಾಗಿ ಎದುರು ವಕೀಲರ ಗುಮಾಸ್ತನ ಕೈಗೆ. ಅದರಲ್ಲೇನಿತ್ತು ಅಂತ ನಾನಿಲ್ಲಿ ಬರೆಯಲಾರೆ. ಡಾಕ್ಟರ ಮುಂದೆ ಮಾತ್ರ ಹೇಳಿಕೊಳ್ಳುವ ಮಾತುಗಳು ಅವು.

ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿದರೆ, "ಕೊಡದಿದ್ರೆ ನ್ಯಾಯಾಂಗ ನಿಂದನೆ ಆಗುತ್ತಲ್ಲ ಮೇಡಂ" ಅಂದರು.

ಆಗುವುದಿಲ್ಲ! 1971ರ ನ್ಯಾಯಾಂಗ ನಿಂದನೆ ಕಾಯ್ದೆ ಇಲ್ಲಿ ಹಿಡಿಯುವುದು ಬೇಕೆಂದೇ ಆದೇಶ ಮೀರಿದವರನ್ನು. ಅಂಥವರಿಗೆ 6 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಳಿದಷ್ಟನ್ನೇ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಒಪ್ಪಿಸಿ, "ಇದು ರೋಗಿಯ ಗೋಪ್ಯ ಮಾಹಿತಿ, ಯಾರಿಗೆ ತೋರಿಸಬೇಕೆಂದು ತಾವೇ ಆದೇಶಿಸಿ" ಎಂದು ಮನವಿ ಲಗತ್ತಿಸಿದರೆ ಅದು ನಿಂದನೆ ಹೇಗಾದೀತು? ಸಮನ್ಸ್ ಹೇಳುವುದು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಅಂತ, ಗುಮಾಸ್ತನಿಗೆ ಕೊಡಿ ಅಂತಲ್ಲ. ವಕೀಲರು ಬರೆದ ಪತ್ರವಂತೂ ಆದೇಶವೇ ಅಲ್ಲ. ವೈದ್ಯರ 2002ರ ನಡವಳಿಕೆ ನಿಯಮಗಳಲ್ಲಿಯೂ ರೋಗಿಯ ಗುಟ್ಟನ್ನು ನ್ಯಾಯಾಧೀಶರ ಆದೇಶದಂತೆ ಕೋರ್ಟಿನಲ್ಲಿ ಹೇಳಬಹುದು ಅಂತಿದೆ. ಮಾನಸಿಕ ಚಿಕಿತ್ಸೆಯ ದಾಖಲೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಕೊಡುವ ಗೋಪ್ಯತೆಯ ಹಕ್ಕು ಬೇರೆ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತಲ್ಲ, ಆ ಕೇಸಿಗೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಇಲ್ಲೇ ಹೀಗಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಸತ್ಯ ಹೊರಗೆ ಬರಬೇಕಲ್ಲ" ಅಂತೀರಿ. ಬರಲಿ. ವಕೀಲರಿಗಿರುವ ಗೋಪ್ಯತೆಯ ರಕ್ಷಣೆ ಸಾಕ್ಷ್ಯ ಕಾಯ್ದೆಯಲ್ಲಿ ಡಾಕ್ಟರಿಗಿಲ್ಲ, ಅದೂ ಗೊತ್ತು. ಆದರೆ ಸತ್ಯ ನೋಡಬೇಕಾದವರು ನ್ಯಾಯಾಧೀಶರು. ಸೋದರಮಾವನಿಗೆ ಅದರಲ್ಲೇನು ಕೆಲಸ?

ಅಪ್ಪ ಹೋದ ಮೇಲೆ ನಾನೂ ಮನೋವೈದ್ಯರ ಹತ್ತಿರ ಹೋಗುತ್ತಿದ್ದೆ. ನನ್ನವರಿಗೂ ಹೇಳದ ಮಾತುಗಳು ಆ ಫೈಲಿನಲ್ಲಿವೆ. ಸಮನ್ಸ್ ಬಂದ ಹೆದರಿಕೆಗೆ ನಾಳೆ ಅದೂ ಯಾರದೋ ಕೈ ಸೇರಬಹುದು ಅಂತ ಗೊತ್ತಿದ್ದರೆ ನಾನು ಬಾಯಿಯನ್ನೇ ಬಿಡುತ್ತಿರಲಿಲ್ಲ.

ಆಕೆಯ ವಕೀಲರ ಜೊತೆ ಮಾತಾಡಿದ್ದೇನೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಕಲಂ ಪ್ರಕಾರ ಒಬ್ಬರು ಕೇಳಿದರೂ ಸಾಕು, ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಆ ಅರ್ಜಿ ನಾಳೆ ಹಾಕುತ್ತಾರೆ, ಜೆರಾಕ್ಸ್ ಪ್ರತಿಗಳನ್ನು ವಾಪಸ್ ಕೊಡಿಸಿ ಅಂತಲೂ ಕೇಳುತ್ತಾರೆ. ಆಸ್ಪತ್ರೆಗಳ ದಾಖಲೆ ವಿಭಾಗದಲ್ಲಿರುವ ಗೆಳೆಯರೇ, ಸಮನ್ಸ್ ಬಂದಾಗ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಲಕೋಟೆಯ ಜೊತೆ ಇಡುವ ಮನವಿಯನ್ನು ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ.