ಸೂಜಿಗೆ ಯಾವ ದಾರಿ?

ಪ್ರಶ್ನೆ: ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪತ್ತೆಗೆ ಗುದನಾಳದ ಮೂಲಕ ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿಯನ್ನು ಇನ್ನು ಕೈಬಿಡಬೇಕೇ?

ಪರ: ಉಡುಪಿಯ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ

ನನ್ನ ಪಿಎಸ್‌ಎ (ಏರಿದರೆ ಪ್ರಾಸ್ಟೇಟಿನ ಬಗ್ಗೆ ಅನುಮಾನ ಹುಟ್ಟಿಸುವ ರಕ್ತಪರೀಕ್ಷೆಯ ಅಂಕ) 7.8 ಎಂದು ವರದಿ ಬಂದಾಗ ನನಗೆ 66 ವರ್ಷ. ಡಾಕ್ಟರು ಬೆರಳು ಹಾಕಿ ಪರೀಕ್ಷಿಸಿ, "ಒಂದು ಬಯಾಪ್ಸಿ ಮಾಡುವ" ಎಂದರು. ಎಡಮಗ್ಗುಲಾಗಿ ಮಲಗಿ, ಮೊಣಕಾಲುಗಳನ್ನು ಎದೆಗೆ ಮಡಚಿಕೊಂಡೆ. ಸ್ಕ್ಯಾನಿಂಗ್ ಕೋಲು ಗುದದ್ವಾರದೊಳಗೆ ಹೋಯಿತು. ಆಮೇಲೆ ಟಕ್ ಟಕ್ ಎಂದು ಹನ್ನೆರಡು ಸಲ ಸದ್ದು. ಮೂವತ್ತೈದು ವರ್ಷ ವೋಚರುಗಳಿಗೆ ಸ್ಟೇಪ್ಲರ್ ಒತ್ತಿದವನು ನಾನು. ಆ ವೋಚರುಗಳ ಶಾಪವೇ ಇರಬೇಕು ಅನ್ನಿಸಿತು. ನೋವು ಹೇಳಿಕೊಳ್ಳುವಷ್ಟು ಇರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಕುಚ್ಚಲಕ್ಕಿ ಗಂಜಿ ಉಂಡೆ.

ಎರಡನೆಯ ರಾತ್ರಿ ಚಳಿ ಹಿಡಿಯಿತು. ಮೇ ತಿಂಗಳ ಉಡುಪಿಯಲ್ಲಿ, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟಿಸುವ ಚಳಿ. ಸೋಂಕು ರಕ್ತಕ್ಕೇರಿತ್ತು. ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ಬಯಾಪ್ಸಿಯ ವರದಿ ಬಂದದ್ದು ಅಲ್ಲಿಗೇ: ಕ್ಯಾನ್ಸರ್ ಇಲ್ಲ.

ಹೀಗೇಕಾಯಿತು ಎಂದು ಆಮೇಲೆ ಓದಿಕೊಂಡೆ. ಸೂಜಿ ಪ್ರತಿಸಲವೂ ಗುದನಾಳದ ಗೋಡೆಯನ್ನು ತೂರಿಕೊಂಡೇ ಹೋಗಬೇಕು. ಕರುಳಿನಲ್ಲಿ ತಮ್ಮ ಪಾಡಿಗೆ ತಾವಿರುವ ಇ ಕೋಲೈ ಬ್ಯಾಕ್ಟೀರಿಯಾಗಳು ಅದರ ಬೆನ್ನು ಹತ್ತಿ ಪ್ರಾಸ್ಟೇಟಿಗೂ ರಕ್ತಕ್ಕೂ ಇಳಿಯಬಹುದು. ತಡೆಯಲು ಮೊದಲೇ ಆ್ಯಂಟಿಬಯಾಟಿಕ್ ಕೊಡುತ್ತಾರೆ, ಸರಿ. ಆದರೆ ಸಿಪ್ರೋಫ್ಲಾಕ್ಸಾಸಿನ್ನನ್ನು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು ನುಂಗುವ ಊರಿನಲ್ಲಿ ಆ ಮಾತ್ರೆಗೆ ಹೆದರುವ ಬ್ಯಾಕ್ಟೀರಿಯಾ ಎಷ್ಟು ಉಳಿದಾವು?

ಇನ್ನೊಂದು ದಾರಿ ಇದೆ. ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮವನ್ನು, ಯೋಗದವರು ಮೂಲಾಧಾರ ಎನ್ನುವ ಜಾಗವನ್ನು, ತೊಳೆದು ಮರಗಟ್ಟಿಸಿ ಅಲ್ಲಿಂದ ಸೂಜಿ ಹಾಕುವುದು. ಮಲದ ಹಾದಿಯ ಗೊಡವೆಯೇ ಇಲ್ಲ. ಬ್ರಿಟನ್ನಿನಲ್ಲಿ 1126 ಗಂಡಸರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಟ್ರಾನ್ಸ್‌ಲೇಟ್ ಅಧ್ಯಯನದಲ್ಲಿ, ಚಿಕಿತ್ಸೆ ಬೇಕಾಗಬಹುದಾದ ಕ್ಯಾನ್ಸರ್ ಸಿಕ್ಕಿದ್ದು ಈ ದಾರಿಯಲ್ಲಿ 60 ಶೇಕಡಾ ಜನರಲ್ಲಿ, ಹಳೆಯ ದಾರಿಯಲ್ಲಿ 54 ಶೇಕಡಾ. ಯುರೋಪಿನ ಮೂತ್ರರೋಗ ತಜ್ಞರ ಸಂಘವೂ ಸೋಂಕಿನ ಕಾರಣಕ್ಕೇ ಇದಕ್ಕೆ ಆದ್ಯತೆ ಕೊಡಿ ಎನ್ನುತ್ತದೆ.

ನನ್ನ ಕತೆ ಮುಗಿದಿಲ್ಲ. ಎರಡು ವರ್ಷದ ಬಳಿಕ ಪಿಎಸ್‌ಎ 11 ದಾಟಿತು. ಈ ಸಲ ಮಂಗಳೂರಿಗೆ ಹೋದೆ. ಎಂಆರ್‌ಐಯಲ್ಲಿ ಪ್ರಾಸ್ಟೇಟಿನ ಮುಂಭಾಗದಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಮೂಲಾಧಾರದಿಂದ ಸೂಜಿ ಹಾಕಿದರು. ಕ್ಯಾನ್ಸರ್. ಅದರ ಉಗ್ರತೆ ಅಳೆಯುವ ಗ್ಲೀಸನ್ ಅಂಕ 3+4. ಹಿಂದಿನಿಂದ ಹೋದ ಹನ್ನೆರಡು ಸೂಜಿಗಳಲ್ಲಿ ಒಂದಕ್ಕೂ ಅದು ಎಟುಕಿರಲಿಲ್ಲ. ಜ್ವರವನ್ನು ಬೇಕಾದರೆ ಮರೆತೇನು, ಆ ಎರಡು ವರ್ಷವನ್ನು ಮರೆಯಲಾರೆ.

ವಿರೋಧ: ಉಡುಪಿ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದರ ಮೂತ್ರರೋಗ ತಜ್ಞ

ಬ್ಯಾಂಕಿನ ಹಿರಿಯರು ಅನುಭವಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಲೆಕ್ಕದಲ್ಲಿ ಜಮೆಯೊಂದು ಬೇರೆಯವರ ಖಾತೆಗೆ ಹೋಗಿದೆ. ಅವರ ಕ್ಯಾನ್ಸರನ್ನು ಹಿಡಿದುಕೊಟ್ಟದ್ದು ಎಂಆರ್‌ಐ. ಕಲೆ ಎಲ್ಲಿದೆಯೆಂದು ಮೊದಲೇ ಗೊತ್ತಿದ್ದರೆ ಗುದನಾಳದಿಂದಲೂ ಸೂಜಿಯನ್ನು ಅತ್ತ ನಡೆಸಲು ಪ್ರಯತ್ನಿಸಬಹುದಿತ್ತು. ಮುಂಭಾಗಕ್ಕೆ ಮೂಲಾಧಾರದ ದಾರಿಯೇ ಸಲೀಸು, ಒಪ್ಪಿದೆ. ಆದರೆ ಮೊದಲ ಸಲ ತಪ್ಪಿದ್ದು ಮುಖ್ಯವಾಗಿ ಕುರುಡು ಸೂಜಿಯಿಂದ. ಕರಾವಳಿಯಲ್ಲಿ ನೀರು ನೋಡಿಸದೆ ಬಾವಿ ತೋಡುವವರುಂಟೇ?

2017ರಲ್ಲಿ ಬಂದ ಪ್ರಾಮಿಸ್ ಅಧ್ಯಯನ ಇದನ್ನು ಅಳೆದು ತೋರಿಸಿತು. 576 ಗಂಡಸರಲ್ಲಿ ಗಂಭೀರ ಕ್ಯಾನ್ಸರ್ ಇದ್ದವರ ಪೈಕಿ ಎಂಆರ್‌ಐ ಗುರುತಿಸಿದ್ದು 93 ಶೇಕಡಾ, ಚಿತ್ರವಿಲ್ಲದೆ ಗುದನಾಳದಿಂದ ಮಾಡಿದ ಬಯಾಪ್ಸಿ ಗುರುತಿಸಿದ್ದು 48 ಶೇಕಡಾ. ಮರುವರ್ಷ 500 ಜನರ ಪ್ರಿಸಿಶನ್ ಅಧ್ಯಯನ ಬಂತು. ಮೊದಲು ಎಂಆರ್‌ಐ ಮಾಡಿ, ಕಲೆ ಕಂಡಲ್ಲಿಗೆ ಮಾತ್ರ ಸೂಜಿ ಹಾಕಿದ ಗುಂಪಿನಲ್ಲಿ ಗಂಭೀರ ಕ್ಯಾನ್ಸರ್ ಸಿಕ್ಕಿದ್ದು 38 ಶೇಕಡಾ ಜನರಲ್ಲಿ. ಹಳೆಯ ಕ್ರಮದಲ್ಲಿ 26. ಸುಮ್ಮನೆ ಹೆದರಿಸುವ, ಕೆಡುಕು ಮಾಡದ ಸಣ್ಣ ಕ್ಯಾನ್ಸರುಗಳು 22ರಿಂದ 9ಕ್ಕೆ ಇಳಿದವು. ನಮ್ಮಲ್ಲಿ ಹಣವಿದ್ದರೆ ಮೊದಲು ಖರ್ಚಾಗಬೇಕಾದದ್ದು ಎಂಆರ್‌ಐಗೆ, ಮತ್ತು ಅದನ್ನು ಸರಿಯಾಗಿ ಓದಬಲ್ಲ ರೇಡಿಯಾಲಜಿಸ್ಟರಿಗೆ. ಎರಡನೆಯವರು ಸಿಗುವುದು ಯಂತ್ರಕ್ಕಿಂತ ಕಷ್ಟ.

ಸೋಂಕಿನ ಮಾತಿಗೆ ಬರುತ್ತೇನೆ. ಅಮೆರಿಕದ ಪ್ರಿವೆಂಟ್ ಅಧ್ಯಯನದಲ್ಲಿ 658 ಜನರಿದ್ದರು. ಮೂಲಾಧಾರದ ಗುಂಪಿನಲ್ಲಿ ಒಬ್ಬರಿಗೂ ಸೋಂಕಾಗಲಿಲ್ಲ, ಅದೂ ಆ್ಯಂಟಿಬಯಾಟಿಕ್ ಇಲ್ಲದೆ. ಗುದನಾಳದ ಗುಂಪಿನಲ್ಲಿ ನಾಲ್ವರಿಗೆ, ಅಂದರೆ 1.4 ಶೇಕಡಾ. ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವ ಮಟ್ಟವನ್ನು ಅದು ಮುಟ್ಟಲಿಲ್ಲ. ಒಂದು ಕಾರಣ ಇದಿರಬಹುದು: ಗುದನಾಳದಿಂದ ಮೊದಲೇ ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯಲ್ಲಿ ಒರೆಸಿದ ಮಾದರಿ, ತೆಗೆದು, ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ನೋಡಿ, ಅದನ್ನೇ ಕೊಟ್ಟಿದ್ದರು. ನಾನು ಇದಕ್ಕೆ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ದ್ರವದಿಂದ ಗುದನಾಳ ತೊಳೆಯುವುದನ್ನೂ ಸೇರಿಸುತ್ತೇನೆ. ಅಗ್ಗದ ಕೆಲಸ, ಫಲ ಇದೆ. ಹಿರಿಯರಿಗೆ ಸ್ವ್ಯಾಬ್ ತೆಗೆದಿದ್ದರೇ ಎಂದು ಕೇಳುವ ಆಸೆ ನನಗಿದೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಎರಡೂ ದಾರಿ ಆಗಬಹುದು ಎನ್ನುತ್ತದೆ.

ಅವರು ಎತ್ತಿ ಹೇಳಿದ ಬ್ರಿಟನ್ನಿನ ಅಧ್ಯಯನದಲ್ಲೇ ಇನ್ನೆರಡು ಸಾಲುಗಳಿವೆ: ಮೂಲಾಧಾರದ ಬಯಾಪ್ಸಿಗೆ ಹೆಚ್ಚು ಹೊತ್ತು ಬೇಕು, ಮತ್ತು ಅದು ಹೆಚ್ಚು ನೋವಿನದು ಎಂದು ರೋಗಿಗಳು ಹೇಳಿದ್ದಾರೆ. ಬರೀ ಚರ್ಮ ಮರಗಟ್ಟಿಸಿದರೆ ಸಹಿಸಲಾರದವರಿಗೆ ಪೂರ್ಣ ಅರಿವಳಿಕೆ ಬೇಕು. ಅಂದರೆ ಅರಿವಳಿಕೆ ತಜ್ಞರು, ಥಿಯೇಟರ್, ಇಸಿಜಿ, ಒಂದು ದಿನದ ಹಾಸಿಗೆ. ಬೈಂದೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಎಪ್ಪತ್ತರ ಅಜ್ಜನಿಗೆ "ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ" ಎಂದರೆ ಅವರು ಅಲ್ಲಿಗೆ ಹೋಗುವುದಿಲ್ಲ, ಮನೆಗೆ ಹೋಗುತ್ತಾರೆ. ಮಳೆಗಾಲ ಮುಗಿಯಲಿ, ಅಡಿಕೆ ಕೊಯ್ಲು ಆಗಲಿ ಎನ್ನುತ್ತ ಒಂದು ವರ್ಷ ಕಳೆಯುತ್ತದೆ. ಮರಳಿ ಬರುವಾಗ ಸೊಂಟನೋವು ಎನ್ನುತ್ತಾರೆ, ಮೂಳೆಗೆ ಹರಡಿರುತ್ತದೆ.

ಸ್ವ್ಯಾಬಿನಲ್ಲಿ ಮೊಂಡು ಬ್ಯಾಕ್ಟೀರಿಯಾ ಕಂಡವರನ್ನು, ಹಿಂದೊಮ್ಮೆ ಸೋಂಕಾದವರನ್ನು, ಕಲೆ ಮುಂಭಾಗದಲ್ಲಿ ಇರುವವರನ್ನು ನಾನೇ ಮಂಗಳೂರಿಗೆ ಕಳುಹಿಸುತ್ತೇನೆ. ಉಳಿದವರಿಗೆ ಹಳೆಯ ದಾರಿಯನ್ನು ಮುಚ್ಚಲು ನನ್ನ ಒಪ್ಪಿಗೆ ಇಲ್ಲ.

ಒಂದು ವಿಷಯವನ್ನು ಹಿರಿಯರು ನಾಚಿಕೆಯಿಂದ ಬಿಟ್ಟಿರಬೇಕು, ನಾನು ಹೇಳಿಬಿಡುತ್ತೇನೆ. ಯಾವ ದಾರಿಯಿಂದ ಮಾಡಿದರೂ ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ರಕ್ತ ಕಾಣಿಸಬಹುದು. ಅದಕ್ಕೆ ಗಾಬರಿ ಬೇಡ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಬನ್ನಿ.