ಹಸಿರು ಚೌಕದ ಹಟ

ನಮ್ಮ ಮದುವೆಮನೆಗಳಲ್ಲಿ ವಧುವಿನ ಮುಖಕ್ಕಿಂತ ಹರಿತವಾದ ಅಂಚುಳ್ಳ ವಸ್ತುಗಳು ಲೆಕ್ಕವಿಲ್ಲದಷ್ಟಿರುತ್ತವೆ. ಸೀರೆಯ ಸರಿಗೆ, ಸುಗಂಧರಾಜದ ಹಾರ, ಹಿಂದಿನ ಪರದೆಗೆ ಹೊಲಿದ ಮಿಣುಕು, ಮಂಟಪದ ಕಂಬಕ್ಕೆ ಸುತ್ತಿದ ಸೀರಿಯಲ್ ಲೈಟು, ಪುರೋಹಿತರ ಶಲ್ಯದ ಕೆಂಪು ಅಂಚು, ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ, ಅರಿಸಿನ ಹಚ್ಚಿಸಿಕೊಂಡು, ಅದರ ಮೇಲೆ ಪೌಡರು ಬಳಿಸಿಕೊಂಡು, ಗೆರೆಯೆಂಬುದೇ ಉಳಿಯದಷ್ಟು ನಯವಾದ ಮುಖವೊಂದು ಇರುತ್ತದೆ. ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಆಟೋಫೋಕಸ್ ಎಂಬ ವ್ಯವಸ್ಥೆಗೆ ಬೇಕಾದದ್ದು ಕಪ್ಪು ಬಿಳುಪುಗಳು ಸಂಧಿಸುವ ಒಂದು ಗೆರೆ ಮಾತ್ರ. ಆ ಗೆರೆ ಸೋದರತ್ತೆಯ ಬಳೆಯಲ್ಲಿ ಸಿಕ್ಕಿದರೆ ಅದು ಬಳೆಯಲ್ಲೇ ನೆಲೆಸುತ್ತದೆ; ಮದುವೆ ಯಾರದ್ದು ಎಂಬ ವಿಚಾರಕ್ಕೆ ಅದು ಕೈಹಾಕುವುದಿಲ್ಲ.

ನನ್ನದು ಮಿರರ್‌ಲೆಸ್ ಕ್ಯಾಮೆರಾ, ಅದರಲ್ಲಿಯೂ ಅಂಗೈಯಗಲದ ಚಿಕ್ಕದು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಬೇರೆ ಕಂಪನಿಯ ಕ್ಯಾಮೆರಾ ಇಟ್ಟುಕೊಂಡಿರುವ ನನ್ನ ಭಾವಮೈದುನನ ದೂರುಗಳೂ ಇವೇ. ಸಮಾರಂಭಕ್ಕೆ ಫೋಟೊಗ್ರಾಫರನ್ನು ಗೊತ್ತುಮಾಡಿ ಮುಂಗಡ ಕೊಟ್ಟ ಮೇಲೂ ಬಂಧುಗಳು ಫೋನು ಮಾಡಿ, 'ಹೇಗೂ ಬರ್ತೀಯಲ್ಲ, ನಿನ್ನ ಕ್ಯಾಮೆರಾನೂ ತಗೊಂಡು ಬಾ' ಎನ್ನುವುದು ನಮ್ಮಲ್ಲಿ ವಾಡಿಕೆ. ಹೀಗೆ ಸಂಭಾವನೆಯಿಲ್ಲದ ಆದರೆ ಜವಾಬ್ದಾರಿಯುಳ್ಳ ಹುದ್ದೆಯೊಂದು ನನಗೆ ಕಾಯಂ ಆಗಿದೆ.

ಹಿಂದೆ ಈ ಕೆಲಸ ಬೇರೆ ರೀತಿಯಲ್ಲಿ ನಡೆಯುತ್ತಿತ್ತು. 1977ರಲ್ಲಿ ಕೊನಿಕಾ ಸಿ35 ಎಎಫ್ ಎಂಬ ಪುಟ್ಟ ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಸೌಲಭ್ಯವನ್ನು ಜನಸಾಮಾನ್ಯರ ಕೈಗೆ ಕೊಟ್ಟಿತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಲೆನ್ಸಿನ ಹಿಂದೆ ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳೂ ಅದೇ ದಾರಿ ಹಿಡಿದವು. ಅವುಗಳೊಳಗೆ ದೊಡ್ಡ ಕನ್ನಡಿಯ ಬೆನ್ನಿಗೆ ಒಂದು ಚಿಕ್ಕ ಕನ್ನಡಿಯಿದ್ದು, ಅದು ಬೆಳಕಿನ ಒಂದು ಪಾಲನ್ನು ತಳದಲ್ಲಿದ್ದ ಪ್ರತ್ಯೇಕ ಸೆನ್ಸರಿಗೆ ಕಳಿಸುತ್ತಿತ್ತು. ಲೆನ್ಸಿನ ಎರಡು ಬದಿಗಳಿಂದ ಬಂದ ಬಿಂಬಗಳನ್ನು ತಾಳೆ ನೋಡಿದ ಕೂಡಲೇ ಫೋಕಸ್ ಯಾವ ದಿಕ್ಕಿಗೆ, ಎಷ್ಟು ತಪ್ಪಿದೆಯೆಂದು ಆ ಸೆನ್ಸರಿಗೆ ತಿಳಿದುಹೋಗುತ್ತಿತ್ತು. 2008ರಲ್ಲಿ ಪ್ಯಾನಸೋನಿಕ್ ಜಿ1ರೊಂದಿಗೆ ಮಿರರ್‌ಲೆಸ್ ಯುಗ ಆರಂಭವಾದಾಗ ಕನ್ನಡಿ ಹೋಯಿತು, ಅದರ ಹಿಂದೆಯೇ ತಳದ ಸೆನ್ಸರೂ ಹೋಯಿತು. ಉಳಿದದ್ದು ಕಾಂಟ್ರಾಸ್ಟ್ ಪದ್ಧತಿ: ಲೆನ್ಸನ್ನು ಸರಿಸುತ್ತ ಹೋಗುವುದು, ಚಿತ್ರದ ಸ್ಪಷ್ಟತೆ ಏರುತ್ತಿದೆಯೇ ಎಂದು ನೋಡುವುದು, ಏರಿದ್ದು ಇಳಿಯತೊಡಗಿದಾಗ ಹಿಂದಕ್ಕೆ ಬರುವುದು. ಹೊಸ ಬಡಾವಣೆಯಲ್ಲಿ ಮನೆ ಹುಡುಕುವವನು ಬೇಕಾದ ಮನೆಯನ್ನು ದಾಟಿ ಹೋಗಿ, ನಂಬರು ಹೆಚ್ಚಾಯಿತೆಂದು ಸ್ಕೂಟರ್ ತಿರುಗಿಸುವ ಕ್ರಮವಿದು. ಗುರಿಯನ್ನು ದಾಟದೆ ಗುರಿ ಯಾವುದೆಂದು ಅದಕ್ಕೆ ತಿಳಿಯುವುದಿಲ್ಲ.

ಆಮೇಲೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆಯೇ ಎರಡು ಬದಿಯ ಬಿಂಬಗಳನ್ನು ತಾಳೆ ನೋಡುವ ಫೇಸ್ ಡಿಟೆಕ್ಷನ್ (ಈ ಫೇಸ್ ಎಂದರೆ phase, ಮುಖವಲ್ಲ) ಬಿಂದುಗಳನ್ನು ಕೂರಿಸುವ ವಿದ್ಯೆ ಬಂದಿತು. ನನ್ನ ಕ್ಯಾಮೆರಾದಲ್ಲಿಯೂ ಅವು ಇವೆ. ಆದರೆ ಬೆಳಕು ಕಡಿಮೆಯಾದರೆ ಅದು ಆ ವಿದ್ಯೆಯನ್ನು ಬದಿಗಿಟ್ಟು ಹಳೆಯ ಹುಡುಕಾಟಕ್ಕೆ ಮರಳುತ್ತದೆ. ಕಲ್ಯಾಣಮಂಟಪಗಳಲ್ಲಿ ಬೆಳಕು ಮುಹೂರ್ತದ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಧಾರಾಳವಾಗಿರುವುದು ಎಲ್ಲರೂ ಬಲ್ಲ ವಿಷಯ.

ಜೀರಿಗೆ ಬೆಲ್ಲದ ಕ್ಷಣವನ್ನೇ ತೆಗೆದುಕೊಳ್ಳಿ. ವಧೂವರರ ನಡುವೆ ಅಂತರಪಟ ಹಿಡಿದಿರುತ್ತಾರೆ, ಬಿಳಿಯ ಬಟ್ಟೆಯ ಮೇಲೆ ಕುಂಕುಮದಿಂದ ಬರೆದ ದಪ್ಪ ಸ್ವಸ್ತಿಕ. ಕ್ಯಾಮೆರಾದ ದೃಷ್ಟಿಯಲ್ಲಿ ಇದಕ್ಕಿಂತ ಸುಂದರವಾದದ್ದು ಆ ಛತ್ರದಲ್ಲಿ ಇನ್ನೊಂದಿಲ್ಲ. ಫೋಕಸ್ ಸಿಕ್ಕಿತೆಂದು ಪರದೆಯಲ್ಲಿ ತೋರಿಸುವ ಹಸಿರು ಚೌಕ ಸ್ವಸ್ತಿಕದ ಮೇಲೆ ಬಂದು ಕುಳಿತು, ಸಂತೋಷಕ್ಕೆ 'ಪೀಪ್' ಎಂದು ಸದ್ದನ್ನೂ ಮಾಡುತ್ತದೆ. ಪುರೋಹಿತರು ಕೈಯೆತ್ತುತ್ತಾರೆ, ಗಟ್ಟಿಮೇಳ ಮೊಳಗುತ್ತದೆ, ಅಂತರಪಟ ಸರಕ್ಕನೆ ಕೆಳಗಿಳಿಯುತ್ತದೆ. ತಾನು ನಂಬಿಕೊಂಡಿದ್ದ ಸ್ವಸ್ತಿಕ ಎಲ್ಲಿ ಹೋಯಿತೆಂದು ಕ್ಯಾಮೆರಾ ಹುಡುಕಲು ಹೊರಡುತ್ತದೆ. ಲೆನ್ಸು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಪರದೆಯಲ್ಲಿ ಇಡೀ ಮದುವೆಮನೆ ಕರಗಿ, ಗಟ್ಟಿಯಾಗಿ, ಮತ್ತೆ ಕರಗುತ್ತದೆ. ಫೋಕಸ್ ಸಿಗುವವರೆಗೆ ಕ್ಲಿಕ್ಕಿಸುವುದಿಲ್ಲವೆಂಬ ವ್ರತವೂ ಅದಕ್ಕಿರುವುದರಿಂದ ನಾನು ಗುಂಡಿಯನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಹಿಂದಿನ ಸಾಲುಗಳಿಂದ ಅಕ್ಷತೆ ಹಾರಿ ಬರುತ್ತದೆ. ಇದನ್ನೇ ಕಾಯುತ್ತಿತ್ತೇನೋ ಎಂಬಷ್ಟು ಆತುರದಿಂದ ಕ್ಯಾಮೆರಾ ಅದನ್ನು ಹಿಡಿದುಕೊಂಡು ಕ್ಲಿಕ್ಕಿಸಿಬಿಡುತ್ತದೆ. ನನ್ನ ಚಿಕ್ಕಪ್ಪನ ಮಗಳ ಮದುವೆಯ ಆ ಚಿತ್ರ ಇಂದಿಗೂ ನನ್ನ ಬಳಿಯಿದೆ. ಅರಿಸಿನ ಹತ್ತಿದ ಅಕ್ಕಿಕಾಳೊಂದು ಗಾಳಿಯಲ್ಲಿ ನಿಂತಿದೆ, ಅದರ ತುದಿಯ ಮುರುಕು ಕೂಡ ಕಾಣುತ್ತದೆ. ಅದರಾಚೆ ಕೆಂಪು ಮತ್ತು ಬಿಳಿ ಬಣ್ಣದ ಎರಡು ಮಬ್ಬು ಆಕಾರಗಳು ಗೃಹಸ್ಥಾಶ್ರಮವನ್ನು ಪ್ರವೇಶಿಸುತ್ತಿವೆ.

ಕತ್ತಲೆಯನ್ನು ಗೆಲ್ಲಲು ಲೆನ್ಸಿನ ಬಾಯನ್ನು ಅಗಲವಾಗಿ ತೆರೆಯಬಹುದು ಎಂದು ತಿಳಿದವರು ಹೇಳುತ್ತಾರೆ. ತೆರೆದರೆ ಆಗುವುದು ಇಷ್ಟು. ನನ್ನ ಕ್ಯಾಮೆರಾದಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿಗೆ 50 ಮಿ.ಮೀ. ಲೆನ್ಸು ಹಾಕಿ, ಎಫ್/1.8ಕ್ಕೆ ತೆರೆದು, ಒಂದೂವರೆ ಮೀಟರ್ ದೂರದಲ್ಲಿ ನಿಂತರೆ, ಸ್ಪಷ್ಟವಾಗಿ ಕಾಣುವ ಪ್ರದೇಶದ ಆಳ ಸುಮಾರು 6 ಸೆಂ.ಮೀ. ಮಾತ್ರ. ವಧುವಿನ ಕಣ್ಣಿಗೂ ಅವಳ ಕೊರಳಿನಿಂದ ಮುಂದಕ್ಕೆ ಚಾಚಿಕೊಂಡ ಹಾರಕ್ಕೂ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಕ್ಯಾಮೆರಾಕ್ಕೆ ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಬಂದಾಗಲೆಲ್ಲ ಅದು ಹೂವಾಡಿಗರ ಪರವಾಗಿಯೇ ತೀರ್ಪು ಕೊಡುತ್ತ ಬಂದಿದೆ.

ಬೆಳಕಿನ ಕೊರತೆಯಿಲ್ಲದ ಕಡೆ ಇದರ ಇನ್ನೊಂದು ಗುಣ ಹೊರಬೀಳುತ್ತದೆ. ಸೆನ್ಸರಿನ ಮೇಲಿನ ಆ ಬಿಂದುಗಳು ಹೆಚ್ಚಿನ ಕ್ಯಾಮೆರಾಗಳಲ್ಲಿ ಎಡ ಬಲದ ವ್ಯತ್ಯಾಸವನ್ನಷ್ಟೇ ಅಳೆಯುತ್ತವೆ. ಆದ್ದರಿಂದ ನಿಂತ ಗೆರೆಗಳು ಅವಕ್ಕೆ ಚೆನ್ನಾಗಿ ಕಾಣುತ್ತವೆ, ಮಲಗಿದ ಗೆರೆಗಳು ಕಾಣುವುದಿಲ್ಲ. ಮೇಲುಕೋಟೆಯ ಕಲ್ಯಾಣಿಯಲ್ಲಿ ಇರುವುದೆಲ್ಲ ಮಲಗಿದ ಗೆರೆಗಳು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಮೆಟ್ಟಿಲ ಮೇಲೆ ಮೆಟ್ಟಿಲು ಕಣ್ಣಿಗೆ ರಾಚುತ್ತಿರುವಾಗ, ಕ್ಯಾಮೆರಾ ಏನೂ ಕಾಣುತ್ತಿಲ್ಲವೆಂದು ಕೆಂಪು ಚೌಕ ತೋರಿಸಿತು. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿದ ತಕ್ಷಣ ಚೌಕ ಹಸಿರಾಯಿತು. ಹೀಗಾಗಿ ಅಡ್ಡ ಚಿತ್ರವೊಂದನ್ನು ತೆಗೆಯಬೇಕಾದರೆ ಮೊದಲು ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಗುಂಡಿಯನ್ನು ಅರ್ಧ ಒತ್ತಿ, ಒತ್ತಿದ ಬೆರಳನ್ನು ಸಡಿಲಿಸದೆ, ಉಸಿರು ಹಿಡಿದು, ಮತ್ತೆ ಅಡ್ಡಕ್ಕೆ ತಿರುಗಿಸಿ, ಉಳಿದರ್ಧವನ್ನು ಒತ್ತಬೇಕು. ಈ ವಿಧಿಯನ್ನು ನಾನು ಭಕ್ತಿಯಿಂದ ಆಚರಿಸುತ್ತಿರುವುದನ್ನು ಕಂಡು, ಪಕ್ಕದ ಮೆಟ್ಟಿಲಿನಲ್ಲಿ ಪಂಚೆ ಹಿಂಡುತ್ತಿದ್ದ ಹಿರಿಯರೊಬ್ಬರು, ದೇವಸ್ಥಾನ ನಾಲ್ಕು ಗಂಟೆಯ ಮೇಲೆ ತೆರೆಯುತ್ತದೆಂದು ಸಮಾಧಾನ ಹೇಳಿದರು.

ಮುಖಗಳನ್ನು ತಾನಾಗಿಯೇ ಗುರುತಿಸುವ ಸೌಲಭ್ಯವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಮತ್ತು ಅದು ಬಹಳ ದಕ್ಷವಾಗಿದೆ. ನಮ್ಮ ಮನೆಯ ನಡುಮನೆಯಲ್ಲಿ ಅಜ್ಜನವರ ಚಿತ್ರಪಟವಿದೆ, ಗಂಧದ ಹಾರ ಹಾಕಿದ್ದು. ಮಗುವಿನ ಹುಟ್ಟುಹಬ್ಬದ ದಿನ ಕೇಕಿನ ಸುತ್ತ ನೆರೆದವರೆಲ್ಲ ತಲೆಯಾಡಿಸುತ್ತ, ಚಪ್ಪಾಳೆ ತಟ್ಟುತ್ತ, ಬಾಗುತ್ತ, ಏಳುತ್ತ ಇರುವಾಗ ಕ್ಯಾಮೆರಾ ಎಲ್ಲರನ್ನೂ ಪರಿಶೀಲಿಸಿ ಕೊನೆಗೆ ಗೋಡೆಯ ಮೇಲಿನ ಅಜ್ಜನವರ ಎಡಗಣ್ಣನ್ನು ಆರಿಸಿಕೊಳ್ಳುತ್ತದೆ. ಅದರ ಆಯ್ಕೆಯಲ್ಲಿ ತರ್ಕವಿಲ್ಲವೆನ್ನಲಾಗದು. ಆ ಕೋಣೆಯಲ್ಲಿ ಅಲುಗಾಡದೆ ನೇರವಾಗಿ ಲೆನ್ಸನ್ನು ನೋಡುತ್ತಿದ್ದವರು ಅವರೊಬ್ಬರೇ. ಯಕ್ಷಗಾನದಲ್ಲಿ ಇದಕ್ಕೆ ತದ್ವಿರುದ್ಧ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟುಕೊಂಡು, ಮನುಷ್ಯನೆಂಬ ಗುರುತೇ ಸಿಗಬಾರದೆಂದು ಸಿದ್ಧರಾಗಿರುತ್ತಾರೆ. ಕ್ಯಾಮೆರಾ ಅವರ ಶ್ರಮವನ್ನು ಪೂರ್ತಿಯಾಗಿ ಮನ್ನಿಸುತ್ತದೆ. ರಾಕ್ಷಸ ರಂಗದ ಮಧ್ಯೆ ಅಬ್ಬರಿಸುತ್ತಿರುವಾಗ ಹಸಿರು ಚೌಕ ಅವನನ್ನು ಬಳಸಿಕೊಂಡು ಹೋಗಿ ಹಿಂದೆ ಕುಳಿತ ಭಾಗವತರ ಸೌಮ್ಯವಾದ ಮುಖದಲ್ಲಿ ವಿಶ್ರಮಿಸುತ್ತದೆ. ವೇಷಧಾರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಇರಲಾರದು, ಆದರೆ ಚಿತ್ರ ಕೇಳಿದವರು ಅವರೇ ಆಗಿದ್ದರು.

ಇತ್ತೀಚಿನ ಕ್ಯಾಮೆರಾಗಳಲ್ಲಿ ಮನುಷ್ಯ, ಪ್ರಾಣಿ, ಪಕ್ಷಿ ಎಂದು ಜೀವಕೋಟಿಯನ್ನು ವಿಂಗಡಿಸಿ, ಯಾರ ಕಣ್ಣು ಬೇಕೆಂದು ನಮ್ಮನ್ನೇ ಕೇಳುವ ಪಟ್ಟಿಯಿದೆ. ಗೃಹಪ್ರವೇಶದಲ್ಲಿ ಈ ಪಟ್ಟಿ ಕೆಲಸಕ್ಕೆ ಬಾರದು. ಹಸು ಕರುಗಳ ಹಿಂದೆ ಯಜಮಾನರು ಪತ್ನೀಸಮೇತರಾಗಿ ಒಳಗೆ ಬರುತ್ತಾರೆ. 'ಪ್ರಾಣಿ' ಎಂದು ಕೊಟ್ಟರೆ ಸಾಲ ತೀರಿಸಬೇಕಾದವರು ಮಸುಕಾಗುತ್ತಾರೆ, 'ಮನುಷ್ಯ' ಎಂದು ಕೊಟ್ಟರೆ ಗೋಮಾತೆ ಮಸುಕಾಗುತ್ತಾಳೆ. ನನ್ನ ಸಂಗ್ರಹದಲ್ಲಿ ರೆಪ್ಪೆಯ ಕೂದಲುಗಳು ಒಂದೊಂದಾಗಿ ಕಾಣುವ, ಹಣೆಗೆ ಕುಂಕುಮವಿಟ್ಟ ಬಿಳಿಹಸುವಿನ ಚಿತ್ರವೊಂದಿದೆ. ಅಷ್ಟು ಚೆನ್ನಾದ ಭಾವಚಿತ್ರ ನಮ್ಮ ವಂಶದಲ್ಲಿ ಯಾರದ್ದೂ ಇಲ್ಲ.

ಇನ್ನು ಇದನ್ನು ಹಿಡಿದುಕೊಳ್ಳುವ ವಿಚಾರ. ಚಿಕ್ಕ ಕ್ಯಾಮೆರಾ ಮಾಡುವಾಗ ಗುಂಡಿಗಳ ಸಂಖ್ಯೆಯನ್ನು ಯಾರೂ ಕಡಿಮೆ ಮಾಡಲಿಲ್ಲ, ಅವು ಕೂರಬೇಕಾದ ಜಾಗವನ್ನು ಮಾತ್ರ ಕಡಿಮೆ ಮಾಡಿದರು. ಹೆಬ್ಬೆರಳು ಊರುವ ಸ್ಥಳದಲ್ಲಿಯೇ ವಿಡಿಯೊದ ಕೆಂಪು ಗುಂಡಿಯಿದೆ. ಹೀಗಾಗಿ ನನ್ನ ಮೆಮೊರಿ ಕಾರ್ಡಿನಲ್ಲಿ ಊಟದ ಹಾಲ್‌ನ ನೆಲದ ಸುದೀರ್ಘ ಚಿತ್ರೀಕರಣಗಳಿವೆ. ದೃಶ್ಯದಲ್ಲಿ ಟೈಲ್ಸು ಮತ್ತು ಚಪ್ಪಲಿಗಳು. ಧ್ವನಿಯಲ್ಲಿ, ಗಂಡಿನ ಕಡೆಯವರು ಹೋಳಿಗೆಗೆ ತುಪ್ಪ ಬಡಿಸಿದ ಕೈಯ ಅಳತೆಯ ಬಗ್ಗೆ ಇಬ್ಬರು ಮಹಿಳೆಯರು ನಡೆಸಿದ ಖಾಸಗಿ ಸಂಭಾಷಣೆ. ಕಾರ್ಡನ್ನು ನಕಲು ಮಾಡಿಕೊಡು ಎಂದು ಆ ಇಬ್ಬರಲ್ಲಿ ಒಬ್ಬರು ಕೇಳಿದಾಗ ನಾನು ಬಹಳ ಹೊತ್ತು ಯೋಚಿಸಬೇಕಾಯಿತು.

ನಾನು ಎಡಗಣ್ಣಿನಿಂದ ನೋಡುವವನು. ವ್ಯೂಫೈಂಡರ್ ಕ್ಯಾಮೆರಾದ ಎಡಮೂಲೆಯಲ್ಲಿರುವುದರಿಂದ ನನ್ನ ಮೂಗು ಹಿಂದಿನ ಟಚ್ ಪರದೆಗೆ ಒತ್ತಿಕೊಳ್ಳುತ್ತದೆ, ಮತ್ತು ಕ್ಯಾಮೆರಾ ಅದನ್ನು ನನ್ನ ಆಜ್ಞೆಯೆಂದು ತಿಳಿದು ಫೋಕಸ್ ಚೌಕವನ್ನು ಮೂಗು ತೋರಿದ ಕಡೆಗೆ ಒಯ್ಯುತ್ತದೆ. ಹುಡುಗನ ಉಪನಯನದ ಚಿತ್ರಗಳಲ್ಲಿ ಹೋಮಕುಂಡದ ಬಲಕ್ಕಿದ್ದ ಸ್ಟೀಲ್ ಕೊಳಗ ಎದ್ದು ಕಾಣುವುದು ಈ ಕಾರಣದಿಂದ. ಇದರಿಂದ ತಪ್ಪಿಸಿಕೊಳ್ಳಲು ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಮಡಿಸಬಹುದಾದ ಪರದೆಯನ್ನು ಹೊರಗೆಳೆದು ಮೇಲಿನಿಂದ ನೋಡಿದರೆ, ವ್ಯೂಫೈಂಡರಿನ ಬಳಿಯ ಸೆನ್ಸರು ನನ್ನ ಹೊಟ್ಟೆಯನ್ನು ಕಣ್ಣೆಂದು ಗ್ರಹಿಸಿ ಪರದೆಯನ್ನು ಆರಿಸಿ, ಚಿತ್ರವನ್ನು ವ್ಯೂಫೈಂಡರಿಗೆ ಕಳಿಸಿಬಿಡುತ್ತದೆ. ಆಗ ಇಡೀ ಸಮಾರಂಭವನ್ನು ನೋಡುತ್ತಿರುವುದು ನನ್ನ ಅಂಗಿಯ ಗುಂಡಿ ಮಾತ್ರ.

ಎಲ್ಲರೊಂದಿಗೆ ನಾನೂ ನಿಲ್ಲಬೇಕೆಂದು ಒತ್ತಾಯ ಬಂದಾಗ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡಬೇಕಾಗುತ್ತದೆ. ಗುಂಡಿಯನ್ನು ಮೊದಲು ಅರ್ಧ ಒತ್ತಿ, ಹಸಿರಾದ ಮೇಲೆ ಪೂರ್ತಿ ಒತ್ತಿ ಎಂದು ವಿವರಿಸಿದರೆ, ಕರೆಗಂಟೆಯನ್ನು ಯಾರಾದರೂ ಅರ್ಧ ಒತ್ತುತ್ತಾರೆಯೇ ಎಂಬ ಭಾವ ಅವರ ಮುಖದಲ್ಲಿ ಮೂಡುತ್ತದೆ. ಅವರು ಪೂರ್ತಿಯೇ ಒತ್ತುತ್ತಾರೆ, ಕ್ಯಾಮೆರಾ ವ್ರತ ಬಿಡುವುದಿಲ್ಲ, ಏನೂ ಆಗುವುದಿಲ್ಲ. 'ಇದು ಕೆಟ್ಟಿದೆ ಕಣೋ' ಎಂದು ಅದನ್ನು ಹಿಂದಿರುಗಿಸಿ, ಜೇಬಿನಿಂದ ತಮ್ಮ ಫೋನು ತೆಗೆದು, ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ತಾಂಬೂಲದ ಚೀಲ ಹಿಡಿದುಕೊಂಡೇ, ಎಲ್ಲರ ಕಣ್ಣೂ ಸ್ಪಷ್ಟವಾಗಿರುವ ಚಿತ್ರವನ್ನು ತೆಗೆದು ಅಲ್ಲಿಂದಲೇ ಗುಂಪಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ.

ಹಿಡಿತ ಸಿಗುವುದಿಲ್ಲವೆಂದು ಅಂಗಡಿಯಲ್ಲಿ ಹೇಳಿಕೊಂಡಾಗ, ತಳಕ್ಕೆ ತಿರುಗಿಸುವ ಲೋಹದ ಗ್ರಿಪ್ ಒಂದನ್ನು ಕೊಟ್ಟರು. ಅದು ಬ್ಯಾಟರಿಯ ಬಾಗಿಲನ್ನು ಮುಚ್ಚುತ್ತದೆ. ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಸೆನ್ಸರೂ ಪರದೆಯೂ ಸದಾ ಎಚ್ಚರವಿರುವುದರಿಂದ ಪುಟ್ಟ ಬ್ಯಾಟರಿ ಮುಹೂರ್ತದಿಂದ ಆರತಕ್ಷತೆಯವರೆಗೆ ಬಾಳುವುದಿಲ್ಲ, ಆದ್ದರಿಂದ ಗ್ರಿಪ್ ಬಿಚ್ಚಲು ಒಂದು ಅಲೆನ್ ಕೀಯನ್ನೂ ಜೊತೆಗೆ ಒಯ್ಯಬೇಕು. ಗ್ರಿಪ್ ಹಾಕಿದ ಮೇಲೆ ಕ್ಯಾಮೆರಾ ಹಳೆಯ ಚೀಲದಲ್ಲಿ ಹಿಡಿಸದೆ ದೊಡ್ಡ ಚೀಲ ಬಂದಿತು. ದೊಡ್ಡ ಚೀಲದಲ್ಲಿ ಜಾಗ ಉಳಿಯಿತೆಂದು ಇನ್ನೊಂದು ಲೆನ್ಸು ಬಂದಿತು. ಕೆಂಪು ಗುಂಡಿಯಿಂದ ಹೆಬ್ಬೆರಳನ್ನು ದೂರವಿಡಲು ಹಿತ್ತಾಳೆಯದೊಂದು ಆಸರೆ ಸಿಗುತ್ತದೆ, ನೋಡಲು ಸೊಗಸಾಗಿದೆ, ಅದನ್ನೂ ತಂದಿದ್ದೇನೆ. ಅದು ಕೂರುವುದು ಮೇಲಿರುವ ಹಾಟ್ ಶೂನಲ್ಲಿ, ಫ್ಲಾಷ್ ಹಾಕಬೇಕಾದ ಜಾಗವೂ ಅದೇ. ಮಾಘದಲ್ಲಿ ನಮ್ಮ ಅಣ್ಣನ ಮಗನ ಮದುವೆಯಿದೆ, ರಾತ್ರಿಯ ಲಗ್ನ.