ಐವತ್ತು ಎಂ.ಎಲ್. ಮಹಾತ್ಮೆ

ನಮ್ಮ ಬೀದಿ ತುದಿಯ ಕಾಂಡಿಮೆಂಟ್ಸ್ ಯಜಮಾನರಿಗೆ ಗಿರಾಕಿಗಳ ಹೆಸರು ಗೊತ್ತಿಲ್ಲ, ನಾಲಿಗೆ ಮಾತ್ರ ಬಾಯಿಪಾಠ. ಬ್ಯಾಂಕಿನವರಿಗೆ ಸ್ಟ್ರಾಂಗು ಟೀ. ಆಟೋದವನಿಗೆ ಮಾರುದ್ದ ಎತ್ತಿ ಹೊಯ್ದು ನೊರೆ ಬರಿಸಿದ್ದು. ರಿಟೈರ್ಡ್ ಮೇಷ್ಟ್ರಿಗೆ ಶುಗರ್ ಇದೆ, ಹಾಗಾಗಿ ಸಕ್ಕರೆ ಒಂದು ಕಾಳೂ ಬೀಳಬಾರದು. ನನಗೆ ಶುಂಠಿ ಜಜ್ಜಿ ಹಾಕಿ, ಹಾಲು ಮುಂದಾಗಿ, ಕುದಿದು ಕುದಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು.

ಹೇಳಿಕೇಳಿ ನಾನು ಧಾರವಾಡದ ಕಡೆಯವನು. ನಮ್ಮಪ್ಪ ಕಪ್ಪಿಗೆ ಬಾಯಿಟ್ಟು ಚಾ ಕುಡಿದದ್ದನ್ನು ನಾನು ಕಂಡೇ ಇಲ್ಲ. ಬಸಿಗೆ ಸುರುವಿ, ಎರಡು ಸಲ ಊದಿ, ಪಡಸಾಲೆಯಿಂದ ಅಡುಗೆಮನೆಗೆ ಕೇಳುವ ಹಾಗೆ ಸುರ್ ಅಂತ ಎಳೆಯುತ್ತಿದ್ದ. ಅವನ ಲೆಕ್ಕದಲ್ಲಿ ಕಪ್ಪು ಅಂದರೆ ಚಾ ಸಾಗಿಸುವ ಬಂಡಿ, ಅಷ್ಟೇ. ಬೆಂಗಳೂರಿಗೆ ಬಂದು ಬಸಿ ಬಿಟ್ಟೆ, ಗಾಜಿನ ಲೋಟಕ್ಕೆ ಒಗ್ಗಿಕೊಂಡೆ, ಬೈಟೂ ಹೇಳುವುದನ್ನೂ ಕಲಿತೆ. ಬೈಟೂ ಒಂದು ಪವಾಡ. ಒಂದು ಟೀಯನ್ನು ಎರಡು ಮಾಡಿದರೆ ಸಿಗಬೇಕಾದದ್ದು ಅರ್ಧರ್ಧ. ಆದರೆ ಯಜಮಾನರ ಕೈ ಧಾರಾಳ, ಇಬ್ಬರಿಗೂ ಮುಕ್ಕಾಲು ಮುಕ್ಕಾಲು ಬೀಳುತ್ತಿತ್ತು. ಇದು ಹೇಗೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಂಥ ನೆಮ್ಮದಿಯ ಅಂಗಡಿಗೆ 2024ರ ಜೂನ್ 26ರಂದು 50 ಎಂ.ಎಲ್. ಪ್ರವೇಶವಾಯಿತು.

ರಾಜ್ಯದಲ್ಲಿ ದಿನದ ಹಾಲಿನ ಸಂಗ್ರಹ ಒಂದು ಕೋಟಿ ಲೀಟರಿನ ಹತ್ತಿರ ಬಂದಿತ್ತು. ಉಕ್ಕಿದ ಹಾಲನ್ನು ಎಲ್ಲಿಗೆ ಚೆಲ್ಲುವುದು? ಹಾಲು ಮಹಾಮಂಡಳ ನಮ್ಮ ಪ್ಯಾಕೆಟ್ಟಿಗೇ ಚೆಲ್ಲಿತು. ಅರ್ಧ ಲೀಟರ್ ಎಂಬುದು 550 ಎಂ.ಎಲ್. ಆಯಿತು, ಒಂದು ಲೀಟರ್ 1050 ಆಯಿತು. ಪ್ಯಾಕೆಟ್ಟಿಗೆ ಎರಡು ರೂಪಾಯಿ ಹೆಚ್ಚು. 22 ರೂಪಾಯಿಯ ನೀಲಿ ಪ್ಯಾಕೆಟ್ 24ಕ್ಕೆ ನಿಂತಿತು. ಆಗ ಹೊರಬಿತ್ತು ನೋಡಿ ಆ ದಿವ್ಯವಾದ ವಿವರಣೆ: ಇದು ಬೆಲೆ ಏರಿಕೆಯೇ ಅಲ್ಲ, ಪ್ರಮಾಣದ ಏರಿಕೆ! ಮುಖ್ಯಮಂತ್ರಿಗಳೂ ಅದನ್ನೇ ಹೇಳಿದರು.

ಕಾಗದ ಪೆನ್ಸಿಲ್ ಹಿಡಿದು ಕೂತರೆ ಲೆಕ್ಕ ತಪ್ಪೂ ಅಲ್ಲ. ಹಳೇ ದರದಲ್ಲಿ 50 ಎಂ.ಎಲ್. ಹಾಲಿಗೆ ಎರಡು ರೂಪಾಯಿ ಇಪ್ಪತ್ತು ಪೈಸೆ ಆಗಬೇಕು, ಇಪ್ಪತ್ತು ಪೈಸೆ ನಮಗೇ ಲಾಭ. ಆದರೆ ಮಲ್ಲೇಶ್ವರದಲ್ಲಿ ಇಳಿಯಬೇಕಾದವನನ್ನು ಆಟೋದವನು ಯಶವಂತಪುರಕ್ಕೆ ಒಯ್ದು, ‘ಬಾಡಿಗೆ ಏರಿಸಿಲ್ಲ ಸಾರ್, ದೂರ ಏರಿಸಿದ್ದೀನಿ’ ಅಂದರೆ ನೀವು ಕೈಮುಗಿದು ಇಳೀತೀರಾ? ‘ಹೆಚ್ಚಿಂದು ಬೇಡ, ಅರ್ಧ ಲೀಟರೇ ಕೊಡಿ’ ಅಂತ ನನ್ನ ಹೆಂಡತಿ ಹಾಲಿನ ಬೂತಿನಲ್ಲಿ ಒಂದು ದಿನ ಕೇಳಿದಳು. ಬೂತಿನವನು ಅವಳನ್ನು ಒಮ್ಮೆ, ಪ್ಯಾಕೆಟ್ಟನ್ನು ಒಮ್ಮೆ ನೋಡಿ, ‘ಕುಡ್ಕೊಂಡು ಉಳಿದಿದ್ದು ಒಯ್ಯಿರಿ ಅಮ್ಮ’ ಅಂದನಂತೆ.

ಮನೆಯಲ್ಲಿ ಆ 50 ಎಂ.ಎಲ್. ಏನಾಯಿತೋ ಪರಮಾತ್ಮನೇ ಬಲ್ಲ. ಚಹಾ ಜಾಸ್ತಿಯಾಗಲಿಲ್ಲ, ಮೊಸರೂ ಜಾಸ್ತಿಯಾಗಲಿಲ್ಲ.

ಒಂಬತ್ತು ತಿಂಗಳು ತುಂಬಿತು. ಒಂಬತ್ತು ತಿಂಗಳು ಅಂದರೆ ಏನಾದರೂ ಹುಟ್ಟಬೇಕಲ್ಲ? 2025ರ ಏಪ್ರಿಲ್ 1ಕ್ಕೆ, ದಿನವನ್ನೂ ಚೆನ್ನಾಗಿಯೇ ಆರಿಸಿದ್ದರು, ಲೀಟರಿಗೆ ನಾಲ್ಕು ರೂಪಾಯಿ ಏರಿಕೆ ಹುಟ್ಟಿತು. 50 ಎಂ.ಎಲ್. ಬರುವ ಮುಂಚೆ 42 ಇದ್ದ ನೀಲಿ ಹಾಲಿನ ಲೀಟರ್ 46 ಆಯಿತು. ಹೆಚ್ಚಿನ ಹಣ ರೈತರಿಗೆ ಅಂದರು. ಎಮ್ಮೆ ಕಟ್ಟಿ ಸಗಣಿ ಬಾಚಿದವರ ಮನೆಯಲ್ಲಿ ಬೆಳೆದವನು ನಾನು, ಅದಕ್ಕೆ ನನ್ನ ತಕರಾರಿಲ್ಲ. ತಕರಾರೆಲ್ಲ 50 ಎಂ.ಎಲ್. ಬಗ್ಗೆ. ಅದು ಬಂದ ದಾರಿಗೆ ಸುಂಕವಿಲ್ಲ ಅಂತ ಪ್ಯಾಕೆಟ್ಟಿನಿಂದ ಎದ್ದು ಹೊರಟುಹೋಯಿತು. ಸುಂಕ ಮಾತ್ರ ನಮ್ಮ ತಲೆ ಮೇಲೇ ಕೂತಿತು.

ಮಾರನೇ ದಿನ ಅಂಗಡಿಯಲ್ಲಿ ಗಾಜಿನ ಲೋಟ ಮಾಯ. ಜಾಗದಲ್ಲಿ ಕಾಗದದ ಪುಟಾಣಿ ಲೋಟ. ಎರಡು ಬೆರಳಲ್ಲಿ ಹಿಡಿದರೆ ಮೂರನೆಯದಕ್ಕೆ ಜಾಗವಿಲ್ಲ.

‘ಏನ್ ಯಜಮಾನ್ರೇ, ತೀರ್ಥ ಕೊಡ್ತಿದ್ದೀರಾ?’ ಅಂದೆ.

‘ಬೆಲೆ ಏರಿಸಿಲ್ಲ ಸಾರ್, ಪ್ರಮಾಣ ಇಳಿಸಿದ್ದೀನಿ.’

ವಿಧಾನಸೌಧದ ವಿದ್ಯೆ ನಮ್ಮ ಬೀದಿಗೆ ಇಳಿಯಲು ಒಂಬತ್ತು ತಿಂಗಳು ಹಿಡಿದಿತ್ತು. ಸುಮ್ಮನಿರದೆ ಒಂದು ಹಳೇ ಗಾಜಿನ ಲೋಟವನ್ನೂ ಒಂದು ಕಾಗದದ್ದನ್ನೂ ಬೇಡಿ ಮನೆಗೆ ತಂದೆ. ಮಗಳ ಕೆಮ್ಮಿನ ಸಿರಪ್ಪಿನ ಮುಚ್ಚಳ ಹತ್ತು ಎಂ.ಎಲ್.ದು. ಯಜಮಾನರು ತುಂಬುವ ಮಟ್ಟಕ್ಕೆ ಗಾಜಿನ ಲೋಟ ಒಂಬತ್ತು ಮುಚ್ಚಳ ನೀರು ಹಿಡಿಯಿತು, ಕಾಗದದ್ದು ನಾಲ್ಕು. ತೊಂಬತ್ತರಲ್ಲಿ ನಲವತ್ತು ಕಳೆಯಿರಿ. ಒಂಬತ್ತು ತಿಂಗಳು ಹುಡುಕಿದ 50 ಎಂ.ಎಲ್. ಇಲ್ಲಿ ಸಿಕ್ಕಿಬಿತ್ತು!

ಬೈಟೂಗೆ ಅಲ್ಲಿಗೆ ಎಳ್ಳುನೀರು. ನಲವತ್ತರಲ್ಲಿ ಇಬ್ಬರು ಹಂಚಿಕೊಂಡರೆ ಮೀಸೆ ಇರುವವನಿಗೆ ಏನೂ ಉಳಿಯುವುದಿಲ್ಲ.

ಜುಲೈ ಹೊತ್ತಿಗೆ ಇನ್ನೊಂದು ಬಂತು. ಯುಪಿಐಗೆ ಬಿದ್ದ ದುಡ್ಡು ಎಣಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಗೆರೆ ದಾಟಿದರೆ ಜಿಎಸ್‌ಟಿಗೆ ಸೇರಬೇಕು: ಸರಕು ಮಾರಿದರೆ 40 ಲಕ್ಷದ ಗೆರೆ, ಸೇವೆಯಾದರೆ 20 ಲಕ್ಷದ್ದು. ಹಾಲನ್ನು ಪ್ಯಾಕೆಟ್ಟಿನಲ್ಲೇ ಕೊಟ್ಟರೆ ಸರಕು, ಅದಕ್ಕೆ ತೆರಿಗೆಯೂ ಇಲ್ಲ. ಅದೇ ಹಾಲಿಗೆ ಟೀ ಸೊಪ್ಪು ಹಾಕಿ ಕುದಿಸಿ ಕೈಗೆ ಕೊಟ್ಟರೆ ಸೇವೆ. ನಲವತ್ತು ಎಂ.ಎಲ್. ಕೊಡುವುದು ಎಂಥ ಸೇವೆ ಅಂತ ನನಗೂ ಅನುಮಾನವಿದೆ, ಬಿಡಿ. ಊರ ತುಂಬ ಕ್ಯೂಆರ್ ಕೋಡುಗಳು ಮರೆಯಾಗಿ ‘ಕ್ಯಾಶ್ ಮಾತ್ರ’ ಚೀಟಿಗಳು ಮೇಲೆದ್ದವು. ವ್ಯಾಪಾರಿಗಳು ಪ್ರತಿಭಟನೆಗೆ ಇಳಿದು ಎರಡು ದಿನ ಹಾಲು ಮಾರುವುದಿಲ್ಲ ಅಂದರು, ಕೆಲವೆಡೆ ಬ್ಲ್ಯಾಕ್ ಟೀ ಕೊಟ್ಟರು. ನಮ್ಮ ಯಜಮಾನರು ಅವತ್ತು ಹಳೇ ಗಾಜಿನ ಲೋಟ ಹೊರತೆಗೆದು ಕಂಠಮಟ್ಟ ತುಂಬಿದರು. ಹಾಲಿಲ್ಲದ ದಿನವೇ ಲೋಟ ತುಂಬಿತು. ಮುಂದೆ ಮುಖ್ಯಮಂತ್ರಿಗಳು ಹಳೇ ಬಾಕಿ ವಸೂಲಿ ಇಲ್ಲ ಅಂದ ಮೇಲೆ ಗದ್ದಲ ತಣ್ಣಗಾಯಿತು. ಹಾಲು ಬಂತು, ಕಾಗದದ ಲೋಟವೂ ಬಂತು. ಕ್ಯೂಆರ್ ಕೋಡ್ ಮಾತ್ರ ಬಿಸ್ಕತ್ತಿನ ಡಬ್ಬಿಯ ಹಿಂದಿನಿಂದ ಇನ್ನೂ ಹೊರಬಂದಿಲ್ಲ.

ಟೀ ಹನ್ನೆರಡು ರೂಪಾಯಿ. ಚಿಲ್ಲರೆ ಯಾರ ಹತ್ತಿರ ಇದೆ? ನಿನ್ನೆ ಮೇಷ್ಟ್ರು ಹದಿನೈದು ಕೊಟ್ಟರು. ಯಜಮಾನರು ಗಾಜಿನ ಭರಣಿಗೆ ಕೈಹಾಕಿ ಮೂರು ಚಾಕಲೇಟ್ ತೆಗೆದು ಅವರ ಅಂಗೈಗಿಟ್ಟರು.

‘ಅಲ್ಲಯ್ಯ, ಸಕ್ಕರೆ ಬೇಡ ಅಂತ ದಿನಾ ಬಡ್ಕೋತೀನಲ್ಲ!’

‘ಸಕ್ಕರೆ ಕೊಟ್ಟಿಲ್ಲ ಸಾರ್, ಚಿಲ್ಲರೆ ಕೊಟ್ಟಿದ್ದೀನಿ.’